ಕೊಟ್ಟಿಗೆಯ ಹಿಂದಿನ ತಂತಿ

ಹೋದ ತಿಂಗಳು ಮೈಸೂರಿನಲ್ಲಿ ಮಗಳು ಕಟ್ಟಿಸುತ್ತಿರುವ ಮನೆ ನೋಡಲು ಹೋಗಿದ್ದೆ. ಹಿತ್ತಲಿನಲ್ಲಿ ಕರೆಂಟಿನ ಕೆಲಸದವನು ಆಳುದ್ದದ ಗುಂಡಿ ತೋಡಿಸಿ, ಅದಕ್ಕೆ ಇದ್ದಿಲು, ಉಪ್ಪು ಸುರಿದು, ಮೇಲೆ ಎರಡು ಬಕೆಟ್ ನೀರು ಹೊಯ್ದ. ‘ತಾತ, ಇದು ಅರ್ತ್ ಗುಂಡಿ. ಒಣಗಬಾರದು, ಆಗಾಗ ನೀರು ಹಾಕ್ತಿರಬೇಕು’ ಎಂದು ನನಗೆ ಪಾಠ ಹೇಳಿದ. ಮೂವತ್ತೈದು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದವನು ನಾನು. ಬೇರೆ ದಿನವಾಗಿದ್ದರೆ ಅವನಿಗೆ ಎರಡು ಮಾತು ಬಿಸಿಯಾಗಿಯೇ ಹೇಳುತ್ತಿದ್ದೆ. ಅವತ್ತು ಕಾದ ಮಣ್ಣಿಗೆ ಉಪ್ಪುನೀರು ಇಳಿಯುವಾಗ ಏಳುವ ವಾಸನೆ ಮೂಗಿಗೆ ಬಡಿದು, ಹಂಗಳದ ಒಂದು ಮನೆಯ ಕೊಟ್ಟಿಗೆಯ ಹಿಂಭಾಗ ಕಣ್ಣೆದುರು ಬಂತು. ಅಲ್ಲಿ ನಾನು ಮಾಡಿದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ಅವಳು ಹೋಗಿ ನಾಲ್ಕು ವರ್ಷವಾಯಿತು. ಇನ್ನು ಹೇಳದಿದ್ದರೆ ಯಾವಾಗ ಎಂದು ಬರೆಯಲು ಕೂತಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತೆರಡು ವಯಸ್ಸು. ತರಬೇತಿ ಮುಗಿಸಿದವನನ್ನು ಗುಂಡ್ಲುಪೇಟೆಗೆ ಲೈನ್‌ಮನ್ ಮಾಡಿ ಹಾಕಿದರು. ಖಾಕಿ ಅಂಗಿ, ಸರ್ಕಾರಿ ಸೈಕಲ್ಲು, ಹೆಗಲಿಗೆ ಚರ್ಮದ ಚೀಲ, ಚೀಲದಲ್ಲಿ ಇಕ್ಕಳ, ತಂತಿಯ ಸುರುಳಿ, ಪರೀಕ್ಷೆ ಮಾಡುವ ಪುಟ್ಟ ಫೋನು. ಹಳ್ಳಿಗಳಲ್ಲಿ ನನ್ನನ್ನು ‘ತಂತಿ ಅಯ್ನೋರು’ ಎನ್ನುತ್ತಿದ್ದರು. ಮೀಸೆ ಸರಿಯಾಗಿ ಬಾರದವನಿಗೆ ಅಯ್ನೋರು ಎಂದರೆ ಏನಾಗಬೇಕೋ ಅದೇ ಆಯಿತು, ನಾಲ್ಕೇ ತಿಂಗಳಲ್ಲಿ ಕಣ್ಣು ನೆತ್ತಿಗೆ ಏರಿತು. ತರಬೇತಿಯಲ್ಲಿ ಕಲಿತದ್ದೆಲ್ಲ ಬಾಯಿಪಾಠ. ‘ಅರ್ತ್’ ಎಂದರೆ ಏನು ಎಂಬ ಪ್ರಶ್ನೆಗೆ ಅರ್ಧ ಪುಟ ಬರೆದು ಪಾಸಾಗಿದ್ದೆ. ಅದು ನೆಲದಲ್ಲಿ ಏನು ಮಾಡುತ್ತದೆ ಎಂದು ಒಂದು ದಿನವೂ ಯೋಚಿಸಿದವನಲ್ಲ.

ಆಗ ಮನೆಗೆ ಫೋನು ಹಾಕಿಸಿಕೊಂಡವರು ಆ ಕಡೆ ಬೆರಳೆಣಿಕೆ. ಊಟಿ ರಸ್ತೆಯಲ್ಲಿ ಐದು ಮೈಲಿ ದೂರದ ಹಂಗಳದಲ್ಲಿ ಇದ್ದದ್ದು ಒಂದೇ, ಶಿವಮಲ್ಲಪ್ಪನವರ ಮನೆಯದು. ಅವರು ಹೊಲಮನೆ ಇದ್ದ ಶಿವಭಕ್ತರು, ಚಾಮರಾಜನಗರದಲ್ಲಿ ಕಡಲೆಕಾಯಿ ಮಂಡಿಯನ್ನೂ ಇಟ್ಟಿದ್ದರು. ಫೋನಿನ ಮರದ ಪೆಟ್ಟಿಗೆ ನಡುಮನೆಯ ಗೋಡೆಯಲ್ಲಿ, ವಿಭೂತಿಯ ಮೂರು ಪಟ್ಟೆ ಹೊತ್ತು ನಿಂತಿತ್ತು. ಅದನ್ನು ಮಂಡಿಗಿಂತ ಹೆಚ್ಚಾಗಿ ಬಳಸುತ್ತಿದ್ದವರು ಶಿವಮಲ್ಲಪ್ಪನವರ ತಾಯಿ. ಮನೆಯವರೆಲ್ಲ ಅವರನ್ನು ಅವ್ವನವರು ಎನ್ನುತ್ತಿದ್ದರು. ಅವರು ಸಾಕಿದ ಮೊಮ್ಮಗಳನ್ನು ಚಾಮರಾಜನಗರಕ್ಕೆ ಕೊಟ್ಟಿತ್ತು. ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ, ಒಗೆದ ಬಟ್ಟೆಯೊಂದನ್ನು ಫೋನಿಗೆ ಸುತ್ತಿ ಹಿಡಿದು, ಅವ್ವನವರು ಮೊಮ್ಮಗಳ ಜೊತೆ ಮಾತಾಡುತ್ತಿದ್ದರು. ಎಲ್ಲರ ಬಾಯಿಯ ಎಂಜಲು ತಾಗಿದ ವಸ್ತು ಅದು ಎಂದು ಅವರ ವಾದ. ಆದರೆ ಮೊಮ್ಮಗಳ ದನಿ ಕೇಳಿದೊಡನೆ ಮಡಿ ಮರೆತು ಬಟ್ಟೆ ಜಾರಿಸಿ ಕಿವಿಗೆ ಒತ್ತಿಕೊಳ್ಳುತ್ತಿದ್ದರಂತೆ.

ತಿಂಗಳಿಗೊಮ್ಮೆ ನಾನು ಅಲ್ಲಿಗೆ ಹೋಗಿ ಪೆಟ್ಟಿಗೆ ತೆಗೆದು, ಒಳಗಿನ ಎರಡು ಬ್ಯಾಟರಿ ನೋಡಿ, ಸತ್ವ ಕಡಿಮೆಯಾಗಿದ್ದರೆ ಬದಲಾಯಿಸಿ, ಡೈರಿಯಲ್ಲಿ ಬರೆಯಬೇಕು. ಮಾಘ ಮಾಸದಲ್ಲಿ ನಾನು ಹೋಗಲಿಲ್ಲ. ಜ್ವರವಲ್ಲ, ತುರ್ತು ಕೆಲಸವಲ್ಲ, ಬರೀ ಸೋಮಾರಿತನ. ಊರಾಚೆಯ ಹುಣಸೆಮರದ ಕೆಳಗಿನ ಟೀ ಅಂಗಡಿಯಲ್ಲಿ ಸೈಕಲ್ಲು ಒರಗಿಸಿ, ಮಧ್ಯಾಹ್ನದವರೆಗೆ ಹರಟೆ ಹೊಡೆದು, ‘ಹಂಗಳ, ಎಲ್ಲ ಸರಿ ಇದೆ’ ಎಂದು ಡೈರಿಯಲ್ಲಿ ಬರೆದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಯಿತು. ಅದರ ಹಿಂದೆಯೇ ದೂರು ಬಂತು. ಹಂಗಳದ ಫೋನಿನ ಹಿಡಿಕೆ ತಿರುಗಿಸಿದರೆ ಗುಂಡ್ಲುಪೇಟೆಯ ಎಕ್ಸ್‌ಚೇಂಜಿನಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ, ಆದರೆ ಆಡಿದ ಮಾತು ಕೇಳಿಸುವುದಿಲ್ಲ. ಈ ಲಕ್ಷಣಕ್ಕೆ ಬ್ಯಾಟರಿ ಸತ್ತದ್ದೇ ಕಾರಣ ಎಂದು ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ನನಗೆ ಗೊತ್ತಿತ್ತು. ಹೊಸ ಬ್ಯಾಟರಿಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೊರಟೆ.

ಸೈಕಲ್ಲಿನಿಂದ ಇಳಿಯುವುದರೊಳಗೆ ಶಿವಮಲ್ಲಪ್ಪನವರು ಜಗಲಿಗೆ ಬಂದರು.

‘ಏನ್ ಸ್ವಾಮಿ, ಓದ ತಿಂಗಳು ತಮ್ಮ ಸವಾರಿ ಈ ಕಡೆ ಬರಲೇ ಇಲ್ಲವಲ್ಲ. ಮೂರು ಸೋಮವಾರದಿಂದ ನಮ್ಮವ್ವ ಮಾತಿಲ್ಲದೆ ಕೂತವಳೆ. ನಿಮ್ಮ ಮೇಲಿನವರಿಗೆ ಒಂದು ಕಾಗದ ಹಾಕನ ಅಂತಿದ್ದೆ’ ಎಂದರು.

ಕಾಗದ ಹೋದರೆ ನನ್ನ ಡೈರಿ ತೆಗೆದು ನೋಡುತ್ತಾರೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ‘ಇರಿ, ಮೊದಲು ಹೊರಗಿನ ತಂತಿ ನೋಡುತ್ತೇನೆ’ ಎಂದು ದೊಡ್ಡ ಮನುಷ್ಯನ ಹಾಗೆ ಗೋಡೆಯ ಸುತ್ತ ನಡೆದೆ. ಅವರೂ ಹಿಂದೆಯೇ ಬಂದರು. ಪೆಟ್ಟಿಗೆಯಿಂದ ಹೊರಟ ಒಂದು ದಪ್ಪ ತಾಮ್ರದ ತಂತಿ ಹಿಂಗೋಡೆ ತೂರಿ, ಕೊಟ್ಟಿಗೆಯ ಹಿಂದೆ ನೆಲದೊಳಗೆ ಇಳಿದಿತ್ತು. ಅದರ ಬುಡದಲ್ಲಿ ನೆಲ ಕಪ್ಪಗೆ ಒದ್ದೆಯಾಗಿತ್ತು. ತಂತಿ ಹಸಿರು ಕಿಲುಬು ಕಟ್ಟಿತ್ತು. ಅಲ್ಲಿ ಒಬ್ಬ ಹೆಂಗಸು ಕೊಟ್ಟಿಗೆ ತೊಳೆದ ಗಂಜಲದ ನೀರನ್ನು ಬಾನಿಯಲ್ಲಿ ತಂದು, ಸರಿಯಾಗಿ ತಂತಿಯ ಬುಡಕ್ಕೇ ಸುರಿಯುತ್ತಿದ್ದಳು.

ಆಕೆ ಮಾದಮ್ಮ. ಆ ಮನೆಯವರು ಮಾದಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಊರಾಚೆಯ ಕೇರಿಯವಳು, ಮನೆಯೊಳಕ್ಕೆ ಪ್ರವೇಶವಿಲ್ಲ, ಕೊಟ್ಟಿಗೆಯ ಕೆಲಸ ಮಾತ್ರ. ಕಾಡಿನಲ್ಲಿ ಮರ ಕಡಿಯುವ ಕೂಲಿಗೆ ಹೋಗಿದ್ದ ಗಂಡನ ಕಾಲಿನ ಮೇಲೆ ದಿಮ್ಮಿ ಉರುಳಿ, ಅವನು ಗುಡಿಸಲಲ್ಲೇ ಕೂತಿದ್ದ. ಈ ಮನೆಯಿಂದ ಸಿಗುವ ಎರಡು ಹೊತ್ತಿನ ಹಿಟ್ಟೇ ಇಬ್ಬರಿಗೂ ಆಧಾರ. ಇದೆಲ್ಲ ನನಗೆ ಅವತ್ತು ಗೊತ್ತಿರಲಿಲ್ಲ. ಕೇಳಲೂ ಇಲ್ಲ.

‘ನೋಡಿ ಸ್ವಾಮಿ’ ಎಂದೆ, ಶಿವಮಲ್ಲಪ್ಪನವರ ಕಡೆ ತಿರುಗಿ. ‘ಇಲ್ಲಿದೆ ನಿಮ್ಮ ಫೋನಿನ ರೋಗ. ಸರ್ಕಾರದ ತಂತಿಗೆ ದಿನಾ ಗಂಜಲ ಸುರಿದರೆ ಕಿಲುಬು ಹಿಡಿಯದೆ ಇನ್ನೇನಾಗುತ್ತೆ? ನಾನು ತಿಂಗಳಿಗೆ ಹತ್ತು ಸಲ ಬಂದರೂ ಇದಕ್ಕೆ ಔಷಧಿ ಇಲ್ಲ.’

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ನೆಲ ತೊಳೆಯುವವಳ ಮೇಲೆ ಹೊರಿಸಿದೆ.

ಮಾದಮ್ಮ ಬಾನಿ ಕೆಳಗಿಟ್ಟಳು. ‘ಇಲ್ಲ ಕಣ ಬುದ್ದಿ’ ಎಂದಳು, ನಮ್ಮಿಬ್ಬರಲ್ಲಿ ಯಾರನ್ನೂ ನೇರ ನೋಡದೆ. ‘ಮುಂಚೆ ಬತ್ತಿದ್ರಲ್ಲ, ರಂಗಯ್ನೋರು, ಅವ್ರೇ ಯೋಳಿದ್ರು. ದಿನಾ ಇಲ್ಲೇ ಉಯ್ಯಿ ಮಾದಮ್ಮ, ತಪ್ಪಿಸಬ್ಯಾಡ ಅಂತ. ಅದಕ ಉಯ್ತಿದ್ದಿ.’

ರಂಗಯ್ಯ ಎಂದರೆ ನನಗಿಂತ ಮುಂಚೆ ಅಲ್ಲಿದ್ದ ಹಳೆಯ ಲೈನ್‌ಮನ್, ಆಗ ಚಾಮರಾಜನಗರಕ್ಕೆ ವರ್ಗವಾಗಿದ್ದವನು. ನಾನು ನಕ್ಕುಬಿಟ್ಟೆ. ‘ತಂತಿಗೆ ಗಂಜಲ ಹಾಕು ಎಂದು ಯಾವ ಲೈನ್‌ಮನ್ ಹೇಳುತ್ತಾನೆ? ಕೇಳುವವರಿದ್ದರೆ ಏನು ಬೇಕಾದರೂ ಹೇಳಬಹುದು’ ಎಂದೆ. ಶಿವಮಲ್ಲಪ್ಪನವರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ, ಆದರೆ ಖಾಕಿ ಅಂಗಿಯ ಮಾತಿಗೂ ಕೊಟ್ಟಿಗೆಯವಳ ಮಾತಿಗೂ ನಡುವೆ ಅವರಿಗೆ ತೂಗಿ ನೋಡುವ ಪ್ರಶ್ನೆಯೇ ಇರಲಿಲ್ಲ. ‘ನಾಳೆಯಿಂದ ಈ ಕಡೆ ತಲೆ ಹಾಕಬ್ಯಾಡ, ಓಗು’ ಎಂದರು. ಅವಳು ಬಾನಿ ತೊಳೆದು ಕವುಚಿಟ್ಟು, ಹಿಂಬಾಗಿಲಿನಿಂದ ಹೋದಳು.

ನಾನು ಒಳಗೆ ಬಂದು ಬ್ಯಾಟರಿ ಬದಲಾಯಿಸಿದೆ. ಮನೆಯವರ ಕಣ್ಣಿಗೆ ಕಾಣದ ಹಾಗೆ ಹಳೆಯದನ್ನು ಚೀಲಕ್ಕೆ ತುರುಕಿದೆ. ಕಿಲುಬು ಕಟ್ಟಿದ ತುಂಡನ್ನು ಕತ್ತರಿಸಿ, ಅದರ ಜಾಗಕ್ಕೆ ಹೊಳೆಯುವ ಹೊಸ ತಂತಿ ಜೋಡಿಸಿದೆ. ಫೋನು ಮಾತಾಡಿತು. ಅವ್ವನವರು ಮೊಮ್ಮಗಳೊಡನೆ ಮಾತು ಮುಗಿಸಿ ಕಣ್ಣೊರೆಸಿಕೊಳ್ಳುತ್ತ ಬಂದು, ‘ನಿನ್ನ ಕೈ ತಣ್ಣಗಿರಲಿ ಮಗ’ ಎಂದರು. ದೊಡ್ಡ ಲೋಟದಲ್ಲಿ ಹಾಲು ಕೊಟ್ಟರು. ಕುಡಿದೆ. ಹಿಂತಿರುಗುವಾಗ ಶಿಳ್ಳೆ ಹಾಕುತ್ತ ಸೈಕಲ್ಲು ತುಳಿದೆ ಎಂಬುದೂ ನೆನಪಿದೆ.

ಯುಗಾದಿ ಬರುವ ಹೊತ್ತಿಗೆ ಬಿಸಿಲು ಬಿಗಿಯಿತು. ಆ ವರ್ಷ ಹದ ಮಳೆ ಒಂದೂ ಬೀಳಲಿಲ್ಲ. ಊಟಿ ರಸ್ತೆಯ ಹೊಲಗಳಲ್ಲಿ ನೆಲ ಬಿರಿದು, ಸೈಕಲ್ಲಿನ ಸೀಟು ಕೈಯಿಟ್ಟರೆ ಸುಡುತ್ತಿತ್ತು. ಯುಗಾದಿಯಾಗಿ ನಾಲ್ಕು ದಿನಕ್ಕೆ ಹಂಗಳದ ಫೋನು ಮತ್ತೆ ಸತ್ತಿತು. ಈ ಸಲ ಅರ್ಧಂಬರ್ಧವಲ್ಲ, ಗಂಟೆಯೂ ಇಲ್ಲ, ಮಾತೂ ಇಲ್ಲ, ಕಿವಿಗಿಟ್ಟರೆ ಮಡಕೆಯೊಳಗೆ ಕಿವಿಯಿಟ್ಟ ಹಾಗೆ. ಹೊಸ ಬ್ಯಾಟರಿ ಹಾಕಿದೆ, ಆಗಲಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಿದೆ, ಆಗಲಿಲ್ಲ.

ಗುಂಡ್ಲುಪೇಟೆಯಿಂದ ಹಂಗಳದವರೆಗೆ ಕಂಬ ಕಂಬವನ್ನೂ ಹತ್ತಿದೆ. ಮೂರು ದಿನ ಹಿಡಿಯಿತು. ತಂತಿ ಕಟ್ಟುವ ಪಿಂಗಾಣಿ ಬಟ್ಟಲುಗಳನ್ನು ಒರೆಸಿದೆ, ಗಂಟುಗಳನ್ನು ಬಿಗಿದೆ, ತಂತಿಗೆ ತಾಗುವ ಕೊಂಬೆ ಕಡಿದೆ. ಒಂದೊಂದು ಬೇಸಿಗೆಯಲ್ಲಿ ಆನೆ ಕಾಡಿನಿಂದ ಹಂಗಳದ ಹೊಲದವರೆಗೂ ಬಂದು ಕಂಬಕ್ಕೆ ಮೈ ತಿಕ್ಕುವುದಿತ್ತು. ಈ ಸಲವೂ ತಿಕ್ಕಿರಲಿ ದೇವರೇ ಎಂದು ಬೇಡಿಕೊಂಡೆ. ಯಾವ ಆನೆಯೂ ನನ್ನ ನೆರವಿಗೆ ಬಂದಿರಲಿಲ್ಲ. ಎಲ್ಲ ಕಂಬವೂ ನೆಟ್ಟಗಿತ್ತು. ಅಂಗೈ ಬೊಬ್ಬೆ ಎದ್ದಿತ್ತು, ತೊಡೆ ಸುಲಿದಿತ್ತು.

ಶಿವಮಲ್ಲಪ್ಪನವರು ಈಗ ತಮಾಷೆಯನ್ನೂ ಬಿಟ್ಟಿದ್ದರು. ‘ಚಾಮರಾಜನಗರದಲ್ಲಿ ನಮ್ಮ ಮಗಳು ಬಸುರಿ. ಅವ್ವ ದಿನಾ ಪೆಟ್ಟಿಗೆ ಮುಂದೆ ಕೂತ್ಕೊತಾಳೆ. ನಿಮ್ಮ ಕೈಲಿ ಆಗದಿದ್ರೆ ಆಗದು ಅಂತ ಯೋಳಿ, ಬೇರೆಯವರ ಕರೆಸನ’ ಎಂದರು. ಮಾರನೆಯ ಬೆಳಿಗ್ಗೆ ನಾನು ಚಾಮರಾಜನಗರದ ಬಸ್ಸು ಹತ್ತಿದೆ.

ರಂಗಯ್ಯ ತನ್ನ ಮನೆಯ ಮುಂದೆ, ಬೇವಿನ ಮರದ ನೆರಳಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ನಾನು ಕಂಬದ ಕಥೆಯೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿ, ಪಕ್ಕಕ್ಕೆ ಉಗಿದು, ಒಂದೇ ಪ್ರಶ್ನೆ ಕೇಳಿದ.

‘ಆ ಮಾದಮ್ಮ ದಿನಾ ಕೊಟ್ಟಿಗೆ ನೀರ ಉಯ್ತಾ ಅವಳ?’

‘ಯಾಕೆ?’ ಎಂದೆ.

‘ಯಾಕೆ ಅಂತೀಯಲ್ಲೋ. ಅದು ಒಂಟಿ ತಂತಿ ಲೈನ್ ಅಲ್ವೇನ್ಲಾ? ಕರೆಂಟು ಓಗಕ ತಂತಿ, ವಾಪಸ್ ಬರಾಕ ನೆಲ. ನೆಲ ಒಣಗಿದ್ರೆ ಬರಾ ದಾರಿ ಎಲ್ಲದ? ಆ ಮನೆ ಹಿತ್ಲು ಬರೀ ಕಲ್ಲುನೆಲ, ಚೈತ್ರ ಬಂದ್ರೆ ಕಾದ ಬಾಣಲಿ. ಅದಕೇ ನಾನು ಆವಮ್ಮನಿಗೆ ಯೋಳಿದ್ದಿ, ಕೊಟ್ಟಿಗೆ ತೊಳೆದ ನೀರ ದಿನಾ ಅಲ್ಲೇ ಉಯ್ಯಿ ಅಂತ. ಗಂಜಲದಲ್ಲಿ ಉಪ್ಪಿನಂಶ ಅದ, ಬರೀ ನೀರಿಗಿಂತ ವಾಸಿ. ತಂತಿ ಕಿಲುಬು ಹಿಡಿದ್ರೆ ವರ್ಷಕ್ಕೊಂದು ಸಲ ಒಂದು ತುಂಡ ಬದಲಾಯಿಸು, ಅಷ್ಟೆ.’ ಮತ್ತೆ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ, ‘ನಮ್ಮ ಕೆಲ್ಸ ಕಣ್ಲಾ ಅದು. ಐದು ವರ್ಷ ಒಂದು ದಿನ ತಪ್ಪಿಸದೆ ಅವಳು ಮಾಡವಳೆ. ಯಾಕೆ, ಹುಷಾರಿಲ್ವ ಆವಮ್ಮನಿಗೆ?’

‘ಕೆಲಸ ಬಿಟ್ಟಿದ್ದಾಳೆ’ ಎಂದೆ. ಬಿಡಿಸಿದ್ದು ನಾನು ಎನ್ನಲಿಲ್ಲ.

‘ಹಂಗಾದ್ರೆ ಮೊದ್ಲು ಓಗಿ ಅವಳ ಕರೆಸು. ಅಂಥ ಆಳು ನಿನಗೆ ಬ್ಯಾರೆ ಸಿಕ್ಕಲ್ಲ’ ಎಂದ ರಂಗಯ್ಯ.

ಬಸ್ಸಿನ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಸ್ವಾಮಿ, ನನ್ನದೇ ತಪ್ಪು, ಆ ಹೆಂಗಸು ನಿಮ್ಮ ಫೋನನ್ನು ಐದು ವರ್ಷ ಬದುಕಿಸಿಟ್ಟಿದ್ದಳು. ಇಷ್ಟೇ ಹೇಳಬೇಕಾದದ್ದು. ಬಾಯಿಪಾಠದಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ. ಆದರೆ ಹಂಗಳ ಹತ್ತಿರವಾದಂತೆ ಒಂದೊಂದೇ ಮಾತು ಉದುರಿತು. ಅದನ್ನು ಹೇಳಿದರೆ ‘ಹಾಗಾದರೆ ಮೊದಲ ಸಲ ಫೋನು ಸತ್ತದ್ದು ಏತಕ್ಕೆ?’ ಎಂದು ಕೇಳುತ್ತಾರೆ. ಬ್ಯಾಟರಿ ಎನ್ನಬೇಕು. ಬ್ಯಾಟರಿ ಯಾಕೆ ಸತ್ತಿತು ಎಂದರೆ ಟೀ ಅಂಗಡಿಯವರೆಗೆ ಹೋಗುತ್ತದೆ ಮಾತು.

ಹಿತ್ತಲಿಗೆ ಹೋಗಿ ನೋಡಿದೆ. ತಂತಿ ಇಳಿದ ಜಾಗದಲ್ಲಿ ನೆಲ ಬೂದಿಯ ಹಾಗೆ ಒಣಗಿ, ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಎರಡು ಹಿಡಿ ಉಪ್ಪು ಕೇಳಿ ಸುರಿದು, ಹತ್ತು ಕೊಡ ನೀರು ಹೊಯ್ದೆ. ಮಣ್ಣು ಬುಸುಗುಟ್ಟಿ ಕುಡಿಯಿತು. ಅರ್ಧ ಗಂಟೆ ಬಿಟ್ಟು ಹಿಡಿಕೆ ತಿರುಗಿಸಿದರೆ ಗುಂಡ್ಲುಪೇಟೆಯವನು ‘ಹಲೋ, ನಂಬರ್’ ಎಂದ. ಅವ್ವನವರು ಎದ್ದು ಓಡಿಬಂದರು, ಬಟ್ಟೆ ಸುತ್ತುವುದನ್ನೂ ಮರೆತು.

‘ಏನಾಗಿತ್ತು?’ ಎಂದು ಶಿವಮಲ್ಲಪ್ಪನವರು ಕೇಳಿದರು.

ಇದೇ ಆ ಹೊತ್ತು. ನಾನು ಅವರ ಮುಖ ನೋಡಿದೆ. ‘ಭೂಮಿ ಒಣಗಿತ್ತು. ಬೇಸಿಗೆಯಲ್ಲಿ ದಿನಾ ಎರಡು ಕೊಡ ನೀರು ಹಾಕಿಸಬೇಕು’ ಎಂದೆ.

ಅವರು ಹಿತ್ತಲಿಗೆ ಬಂದು ತಂತಿಯ ಬುಡದ ಒದ್ದೆಯನ್ನು ನೋಡಿದರು. ‘ಅವತ್ತು ಮಾದಿ ಸುರೀತಿದ್ದದ್ದೂ ನೀರೇ ಅಲ್ವ?’

‘ಅದು ಗಂಜಲ. ಇದು ಒಳ್ಳೆ ನೀರು. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ’ ಎಂದೆ. ನಾಲಗೆ ತಡವರಿಸಲೂ ಇಲ್ಲ. ಮೊದಲ ಸಲ ಹೇಳಿದ್ದು ಭಯಕ್ಕೆ, ಅರ್ಧ ತಿಳಿಯದೆ. ಈ ಸಲ ಎಲ್ಲ ತಿಳಿದು ಹೇಳಿದೆ. ನನ್ನ ಜನ್ಮದಲ್ಲಿ ಇದಕ್ಕಿಂತ ನಾಚಿಕೆಗೇಡಿನ ಮಾತು ಇನ್ನೊಂದು ಆಡಿಲ್ಲ.

ವೈಶಾಖದಲ್ಲಿ ಊಟಿ ರಸ್ತೆ ರಿಪೇರಿ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಹಂಗಳದ ಕಡೆ ಹೋಗುವಾಗ, ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಸುತ್ತಿಗೆ ಕೆಳಗಿಟ್ಟು ಎದ್ದು ನಿಂತಳು. ಮಾದಮ್ಮ. ಬೆರಳಿಗೆಲ್ಲ ಬಟ್ಟೆಯ ಚೂರು ಸುತ್ತಿಕೊಂಡಿದ್ದಳು. ನಾನು ನೋಡದವನ ಹಾಗೆ ತುಳಿದೆ. ಅವಳೇ ಕೂಗಿದಳು.

‘ಬುದ್ದಿ, ಪೋನು ಮಾತಾಡ್ತದ?’

ಇಳಿಯಲೇಬೇಕಾಯಿತು. ‘ಮಾತಾಡುತ್ತೆ’ ಎಂದೆ.

‘ನಾ ಕೈ ಬುಟ್ಟ ಮ್ಯಾಲ ಸರಿ ಓಯ್ತು ಅನ್ನಿ’ ಎಂದಳು.

ಕೊಂಕು ಇದೆಯೋ ಎಂದು ಅವಳ ಮುಖ ಹುಡುಕಿದೆ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ.

‘ರಂಗಯ್ನೋರು ಉಯ್ಯಿ ಅಂದದ್ದು ದಿಟ ಬುದ್ದಿ. ನಾನೇ ಎಷ್ಟು ಅಂತ ಗೊತ್ತಿಲ್ದೆ ಜಾಸ್ತಿ ಉಯ್ದುಬುಟ್ಟಿ ಅನ್ಸತದ. ಸರ್ಕಾರದ ವಸ್ತು ಆಳಾಯ್ತು. ತಪ್ಪಾಯ್ತು ಅಂತ ನೀವೊಂದು ಮಾತ ಅಪ್ಪಾರಿಗೆ ಯೋಳಿ. ಈ ಕಲ್ಲ ಕೆಲ್ಸ ಮಳೆ ಬಂದ್ರೆ ನಿಂತೋಯ್ತದ. ನನ್ನ ಗಂಡನಿಗೆ ಎದ್ದು ಓಡಾಡಾಕಾಗಲ್ಲ. ತಿರ್ಗ ಸೇರುಸ್ಕೊಂಡ್ರೆ ತಂತಿ ತಾವು ಸುಳಿಯಕಿಲ್ಲ’ ಎಂದಳು.

ಅವಳ ತಪ್ಪಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಕೇಳುವವರು ಜಲ್ಲಿ ಒಡೆಯುವ ನಾಲ್ಕು ಹೆಂಗಸರು, ಅಷ್ಟೇ. ಡೈರಿಯೂ ಅಲ್ಲಿರಲಿಲ್ಲ, ಮೇಲಿನವರೂ ಇರಲಿಲ್ಲ. ಆ ಹೊತ್ತಿಗೆ ನನ್ನನ್ನು ತಡೆದದ್ದು ಭಯವಲ್ಲ. ನನ್ನ ಮುಂದೆ ಕೈ ಕಟ್ಟಿ ನಿಂತವಳ ಎದುರು ಸಣ್ಣವನಾಗಲು ನನಗೆ ಮನಸ್ಸಿರಲಿಲ್ಲ. ‘ಆಯಿತು, ಹೇಳಿ ನೋಡುತ್ತೇನೆ’ ಎಂದೆ.

ಹೇಳಿದೆ ಕೂಡ. ಅವಳ ತಪ್ಪೊಪ್ಪಿಗೆಯನ್ನು ಹೊತ್ತುಕೊಂಡು ಹೋಗಿ ಶಿವಮಲ್ಲಪ್ಪನವರ ಮುಂದೆ ಇಟ್ಟೆ. ‘ಒಪ್ಕೊಂಡ್ಳಾ?’ ಎಂದರು. ‘ಒಪ್ಪಿಕೊಂಡಳು, ಬಡವಳು, ತಿಳಿಯದೆ ಮಾಡಿದ್ದಾಳೆ, ಸೇರಿಸಿಕೊಳ್ಳಿ’ ಎಂದೆ. ಅವರಿಗೆ ನನ್ನ ಮೇಲಿನ ಗೌರವ ಇಮ್ಮಡಿಯಾಯಿತು. ‘ಬ್ಯಾರೆ ಯಾರಾದ್ರೂ ಆಗಿದ್ರೆ ಇಂಥವರ ಪರವಾಗಿ ಒಂದು ಮಾತು ಆಡ್ತಿರಲಿಲ್ಲ ಸ್ವಾಮಿ. ನಿಮ್ಮ ಮುಖ ನೋಡಿ ಸೇರುಸ್ಕೊತೀನಿ’ ಎಂದರು. ಅವ್ವನವರು ಒಳಗಿನಿಂದಲೇ, ‘ಒಳ್ಳೆ ಮನೆ ಹುಡುಗ’ ಎಂದರು. ಮಾದಮ್ಮ ಮಾರನೆಯ ದಿನವೇ ಕೊಟ್ಟಿಗೆಗೆ ಬಂದಳು.

ಮುಂಗಾರು ಹಿಡಿದ ಮೇಲೆ ನೆಲಕ್ಕೆ ನೀರು ಹೊಯ್ಯುವ ಗೊಡವೆ ಉಳಿಯಲಿಲ್ಲ. ತಿಂಗಳ ಸರದಿಗೆ ನಾನು ಹೋದಾಗ ಅವಳು ಗಂಜಲದ ಬಾನಿ ಹೊತ್ತು, ತಂತಿಯ ಜಾಗವನ್ನು ದೂರದಿಂದ ಬಳಸಿ, ಹಿತ್ತಲ ಕೊನೆಯ ತಿಪ್ಪೆಯವರೆಗೆ ಕೆಸರಿನಲ್ಲಿ ನಡೆಯುತ್ತಿದ್ದಳು. ಮುಂಚೆ ಹತ್ತು ಹೆಜ್ಜೆಗೆ ಮುಗಿಯುತ್ತಿದ್ದ ಕೆಲಸ. ನನ್ನನ್ನು ನೋಡಿ ಬಾನಿ ಇಳಿಸಿ, ಬೇಲಿಯ ಪಕ್ಕ ಇಟ್ಟಿದ್ದ ಮುತ್ತುಗದೆಲೆಯ ಕಟ್ಟೊಂದನ್ನು ತಂದು, ನನ್ನ ಕೈಗೆ ತಾಗದ ಹಾಗೆ ಸೈಕಲ್ಲಿನ ಹಿಂದಿನ ಸೀಟಿನ ಮೇಲಿಟ್ಟಳು. ಹೊಲದ ಬದುವಿನಲ್ಲಿ ಕಿತ್ತ ಅಣ್ಣೆಸೊಪ್ಪು, ಮಳೆಯ ಹನಿ ಇನ್ನೂ ಆರಿರಲಿಲ್ಲ.

‘ಬ್ಯಾಡ ಅನ್ನಬ್ಯಾಡಿ ಬುದ್ದಿ. ನನ್ನ ತಪ್ಪ ನೀವು ಒಟ್ಟೆಗ ಆಕ್ಕೊಂಡ್ರಿ. ನಿಮ್ಮಿಂದ ಎರಡು ಜೀವ ಉಳೀತು’ ಎಂದು ಕೈಮುಗಿದಳು.

ನಾನು ಬೇಡ ಎನ್ನಲಿಲ್ಲ. ಕೋಣೆಗೆ ಬಂದು ಸೊಪ್ಪು ಬಿಡಿಸಿ, ತೊಳೆದು, ಹುರುಳಿಕಾಳು ಹಾಕಿ ಬೇಯಿಸಿ ಬಸ್ಸಾರು ಮಾಡಿದೆ. ಚೆನ್ನಾಗಿತ್ತು. ಎರಡು ಸಲ ಬಡಿಸಿಕೊಂಡು ಉಂಡೆ.